ಜೀವಕೋಶ ಎಷ್ಟು ತಾಳುತ್ತದೆ, ಹೇಗೆ ಸಾಯುತ್ತದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಡ್ಯದಲ್ಲಿ ನರ್ಸಿಂಗ್ ಮತ್ತು ಲ್ಯಾಬ್ ಟೆಕ್ನಿಷಿಯನ್ ವಿದ್ಯಾರ್ಥಿಗಳಿಗೆ ರೋಗಶಾಸ್ತ್ರದ ಪಾಠ ಹೇಳುವಾಗ ಪುಸ್ತಕ ಇಂಗ್ಲಿಷಿನಲ್ಲಿರುತ್ತದೆ, ಪ್ರಶ್ನೆ ಮಾತ್ರ ಕನ್ನಡದಲ್ಲಿಯೇ ಬರುತ್ತದೆ. ತರಗತಿಯಲ್ಲಿ ಕೇಳಿದ ಪ್ರಶ್ನೆಗಳ ಜೊತೆಗೆ ನೆಂಟರಿಷ್ಟರು ಮತ್ತು ಊರಿನವರು ಕೇಳಿದ ಕೆಲವನ್ನೂ ಇಲ್ಲಿ ಸೇರಿಸಿದ್ದೇನೆ. ಇವು ತಿಳಿವಳಿಕೆಗಾಗಿ ಬರೆದ ಉತ್ತರಗಳು; ಕಾಯಿಲೆ ಬಿದ್ದವರು ವೈದ್ಯರನ್ನೇ ಕಾಣಬೇಕು.

ಜೀವಕೋಶಕ್ಕೂ ‘ಒತ್ತಡ’ ಇರುತ್ತದೆಯೇ? ಮನಸ್ಸಿಗೆ ಆಗುವಂಥದ್ದೇ?

ಹೆಸರು ಒಂದೇ, ವಿಷಯ ಬೇರೆ. ಕೋಶವು ತನ್ನ ಒಳಗಿನ ಉಪ್ಪು, ನೀರು, ಆಮ್ಲತೆ ಮತ್ತು ಶಕ್ತಿಯ ಪ್ರಮಾಣವನ್ನು ಬಹಳ ಕಿರಿದಾದ ಮಿತಿಯೊಳಗೆ ಕಾಪಾಡಿಕೊಂಡು ಬದುಕುತ್ತದೆ. ಈ ಮಿತಿಯಿಂದ ಅದನ್ನು ಹೊರದಬ್ಬುವ ಯಾವುದೇ ಕಾರಣವನ್ನು ಒತ್ತಡ ಎನ್ನುತ್ತೇವೆ: ಆಮ್ಲಜನಕದ ಕೊರತೆ, ಅತಿಯಾದ ಬಿಸಿ ಅಥವಾ ಚಳಿ, ವಿಷ, ವೈರಸ್ಸು, ವಿಕಿರಣ, ಹಸಿವು, ಕೆಲವೊಮ್ಮೆ ಬರಿಯ ಕೆಲಸದ ಹೊರೆ. ರೋಗವನ್ನು ಇಡೀ ದೇಹದಲ್ಲಿ ಹುಡುಕುವ ಬದಲು ಕೋಶದಲ್ಲಿ ಹುಡುಕಬೇಕೆಂದು ಜರ್ಮನಿಯ ರುಡಾಲ್ಫ್ ವಿರ್ಚೋ 1858ರಲ್ಲಿ ವಾದಿಸಿದ ಮೇಲೆ ವೈದ್ಯಶಾಸ್ತ್ರ ಹಿಡಿದ ದಾರಿ ಇದು.

ಒತ್ತಡ ಬಿದ್ದ ಕೂಡಲೇ ಕೋಶ ಸಾಯುತ್ತದೆಯೇ?

ಇಲ್ಲ. ಮೊದಲು ತಡೆದುಕೊಳ್ಳಲು ನೋಡುತ್ತದೆ. ಇದು ಗೊತ್ತಾದದ್ದು ಒಂದು ಆಕಸ್ಮಿಕದಿಂದ. ಇಟಲಿಯ ಫೆರುಚ್ಚೊ ರಿತೊಸ್ಸಾ ಅವರು ಹಣ್ಣಿನ ನೊಣದ ಮರಿಹುಳುಗಳ ವರ್ಣತಂತುಗಳನ್ನು ಅಭ್ಯಾಸ ಮಾಡುತ್ತಿದ್ದಾಗ, ಇನ್ಯಾರೋ ಇನ್‌ಕ್ಯುಬೇಟರಿನ ಉಷ್ಣತೆಯನ್ನು ಏರಿಸಿಬಿಟ್ಟಿದ್ದರು. ಹುಳು ಹಾಳಾಯಿತೆಂದು ಎಸೆಯದೆ ಅವರು ಸೂಕ್ಷ್ಮದರ್ಶಕದಲ್ಲಿ ಇಣುಕಿದಾಗ, ವರ್ಣತಂತುಗಳಲ್ಲಿ ಅದುವರೆಗೆ ಕಾಣದ ಜಾಗಗಳು ಉಬ್ಬಿ ನಿಂತಿದ್ದವು, ಅಂದರೆ ಅಲ್ಲಿನ ಜೀನ್‌ಗಳು ಎಚ್ಚೆತ್ತಿದ್ದವು. 1962ರಲ್ಲಿ ಅವರು ಇದನ್ನು ಪ್ರಕಟಿಸಿದರು. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇದೇ ನೊಣದ ನಾನಾ ತಳಿಗಳನ್ನು ಸಾಕಿಡುವ ಕೇಂದ್ರವೊಂದಿದೆ; ಬಾಳೆಹಣ್ಣಿನ ಮೇಲೆ ಸುಳಿದಾಡುವ ಎಳ್ಳುಕಾಳಿನಷ್ಟು ನೊಣ ಜೀವಶಾಸ್ತ್ರಕ್ಕೆ ಎಷ್ಟು ಕೊಟ್ಟಿದೆ ಎಂಬುದು ಅಲ್ಲಿಗೆ ಹೋದ ವಿದ್ಯಾರ್ಥಿಗಳಿಗೆ ಅರ್ಥವಾಗುತ್ತದೆ.

ಎಚ್ಚೆತ್ತ ಜೀನ್‌ಗಳು ತಯಾರಿಸುವ ‘ಹೀಟ್ ಶಾಕ್’ ಪ್ರೊಟೀನುಗಳ ಕೆಲಸ, ಬಿಸಿಗೆ ಮಡಿಕೆ ಬಿಚ್ಚಿಕೊಳ್ಳುತ್ತಿರುವ ಇತರ ಪ್ರೊಟೀನುಗಳನ್ನು ಹಿಡಿದು ಮತ್ತೆ ಸರಿಯಾಗಿ ಮಡಿಸುವುದು. ಬೇಯಿಸಿದ ಮೊಟ್ಟೆಯ ಬಿಳಿಭಾಗ ಮತ್ತೆ ತಿಳಿಯಾಗದಿರುವುದಕ್ಕೆ ಅಲ್ಲಿನ ಪ್ರೊಟೀನುಗಳು ಹೀಗೆಯೇ ಬಿಚ್ಚಿಕೊಂಡು ಒಂದಕ್ಕೊಂದು ಅಂಟಿಕೊಂಡಿರುವುದೇ ಕಾರಣ. ಅಂಥ ಸ್ಥಿತಿ ತನ್ನೊಳಗೆ ಬರದಂತೆ ನೋಡಿಕೊಳ್ಳುವುದು ಕೋಶದ ಮೊದಲ ರಕ್ಷಣೆ. ಆಮ್ಲಜನಕ ಕಡಿಮೆಯಾದಾಗ ಎಚ್ಚರಿಸುವ ವ್ಯವಸ್ಥೆ ಬೇರೆಯೇ ಇದೆ. ಅದನ್ನು ಬಿಡಿಸಿ ತೋರಿಸಿದ ಕೇಲಿನ್, ರ‍್ಯಾಟ್‌ಕ್ಲಿಫ್ ಮತ್ತು ಸೆಮೆಂಜಾ ಅವರಿಗೆ 2019ರ ನೊಬೆಲ್ ಬಂತು.

ಏಕಾದಶಿ ಉಪವಾಸದ ವಿಜ್ಞಾನಕ್ಕೇ ಜಪಾನಿನವರೊಬ್ಬರಿಗೆ ನೊಬೆಲ್ ಬಂದಿದೆ ಎಂಬ ವಾಟ್ಸಾಪ್ ಸಂದೇಶ ನಿಜವೇ?

ಅರ್ಧ ನಿಜ, ಅರ್ಧ ಉತ್ಸಾಹ. ಯೋಶಿನೋರಿ ಒಸುಮಿ ಅವರಿಗೆ 2016ರಲ್ಲಿ ನೊಬೆಲ್ ಬಂದದ್ದು ಆಟೊಫೇಜಿ, ಅಂದರೆ ಕೋಶವು ತನ್ನದೇ ಹಳೆಯ ಭಾಗಗಳನ್ನು ಚೀಲದಲ್ಲಿ ಕಟ್ಟಿ, ಅರಗಿಸಿ, ಆ ಕಚ್ಚಾವಸ್ತುವನ್ನು ಮತ್ತೆ ಬಳಸಿಕೊಳ್ಳುವ ಕ್ರಿಯೆಯ ಅಧ್ಯಯನಕ್ಕೆ. ಹಸಿವು ಈ ಕ್ರಿಯೆಯನ್ನು ಚುರುಕುಗೊಳಿಸುವುದೂ ನಿಜ. ಆದರೆ ಅವರು ಹಸಿವಿನಲ್ಲಿಟ್ಟದ್ದು ಯೀಸ್ಟ್ ಕೋಶಗಳನ್ನು; ಮನುಷ್ಯರ ವ್ರತವನ್ನಲ್ಲ. ಉಪವಾಸ ಮಾಡುವವರು ತಮ್ಮ ನಂಬಿಕೆಗಾಗಿ ಮಾಡಲಿ, ಅದಕ್ಕೆ ಒಸುಮಿಯವರ ಸಹಿ ಬೇಕಾಗಿಲ್ಲ. ಮಧುಮೇಹಕ್ಕೆ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ನಿರಾಹಾರ ಇರಬಾರದು.

ಗರಡಿಮನೆಯಲ್ಲಿ ಸಾಮು ಮಾಡಿದ ಪೈಲ್ವಾನರ ತೋಳು ದಪ್ಪವಾಗುವುದು ಹೊಸ ಕೋಶಗಳು ಹುಟ್ಟುವುದರಿಂದಲೇ?

ಬಹುಮಟ್ಟಿಗೆ ಅಲ್ಲ. ಸ್ನಾಯುವಿನ ಕೋಶಗಳು ಚರ್ಮದ ಕೋಶಗಳಂತೆ ಒಡೆದು ಎರಡಾಗುವುದಿಲ್ಲ. ಇರುವ ಕೋಶವೇ ಒಳಗಿನ ಪ್ರೊಟೀನು ಎಳೆಗಳನ್ನು ಹೆಚ್ಚಿಸಿಕೊಂಡು ದಪ್ಪವಾಗುತ್ತದೆ. ಅದೇ ಪೈಲ್ವಾನರ ಕೈ ಮುರಿದು ಆರು ವಾರ ಪ್ಲಾಸ್ಟರ್ ಹಾಕಿದರೆ, ಬಿಚ್ಚುವ ದಿನ ತೋಳು ಸೊರಗಿರುತ್ತದೆ. ಅಲ್ಲಿ ಕೋಶಗಳು ಸತ್ತಿಲ್ಲ, ಕೆಲಸವಿಲ್ಲದ ಕಾರಣಕ್ಕೆ ಖರ್ಚು ತಗ್ಗಿಸಿಕೊಂಡು ಸಣ್ಣಗಾಗಿವೆ. ಕಬ್ಬು ಕಡಿಯುವವರ ಅಂಗೈಯ ಜಡ್ಡು ಬೇರೆ ಬಗೆಯದು. ಅಲ್ಲಿ ಕೋಶಗಳ ಸಂಖ್ಯೆಯೂ ಅವು ಬಿಟ್ಟುಹೋಗುವ ಗಟ್ಟಿ ಪದರವೂ ಹೆಚ್ಚುತ್ತವೆ.

ಇವೆಲ್ಲ ಹೊಂದಾಣಿಕೆಗಳು, ಒತ್ತಡ ಹೋದರೆ ಹಿಂದಿರುಗುವಂಥವು. ಆದರೆ ಹೊಂದಾಣಿಕೆಗೂ ಒಂದು ಬೆಲೆಯಿದೆ. ರಕ್ತದೊತ್ತಡ ವರ್ಷಗಟ್ಟಲೆ ಏರಿಯೇ ಇದ್ದರೆ ಹೃದಯದ ಸ್ನಾಯುವೂ ಪೈಲ್ವಾನರ ತೋಳಿನಂತೆ ದಪ್ಪವಾಗುತ್ತದೆ, ಆದರೆ ಅದಕ್ಕೆ ರಕ್ತ ಒದಗಿಸುವ ಸೂಕ್ಷ್ಮ ನಾಳಗಳು ಅದೇ ಪ್ರಮಾಣದಲ್ಲಿ ಬೆಳೆಯುವುದಿಲ್ಲ.

ಬೀಡಿ ಸೇದುವವರಿಗೆ ಕಫ ಏಕೆ ಬಿಡುವುದೇ ಇಲ್ಲ?

ಶ್ವಾಸನಾಳದ ಒಳಗೋಡೆಯಲ್ಲಿ ಕೂದಲಿನಂಥ ಸಣ್ಣ ಎಳೆಗಳಿರುವ ನಾಜೂಕಾದ ಕೋಶಗಳಿರುತ್ತವೆ. ದೂಳು ಮೆತ್ತಿದ ಕಫವನ್ನು ಗಂಟಲಿನ ಕಡೆಗೆ ತಳ್ಳುವುದು ಅವುಗಳ ಕೆಲಸ. ಹೊಗೆ ಬಿಡದೆ ತಾಗುತ್ತಿದ್ದರೆ ಆ ಜಾಗದಲ್ಲಿ ಚರ್ಮವನ್ನು ಹೋಲುವ ಒರಟು ಕೋಶಗಳು ಬೆಳೆಯುತ್ತವೆ. ಹೊಗೆಯನ್ನು ಅವು ತಾಳಬಲ್ಲವು, ಕಫ ತಳ್ಳಲಾರವು. ಬೀಡಿ ಬಿಟ್ಟರೆ ಹಳೆಯ ಪದರ ಮರಳಬಹುದು. ಬಿಡದಿದ್ದರೆ ಕ್ಯಾನ್ಸರ್ ಇದೇ ನೆಲದಲ್ಲಿ ಹುಟ್ಟಬಹುದು. ಊಟವಾದ ಮೇಲೆ ಎಲೆ ಅಡಿಕೆ ಹಾಕುವುದು ನಮ್ಮ ಕಡೆಯ ಮರ್ಯಾದೆ ಎಂಬುದು ಗೊತ್ತಿದ್ದೂ ಹೇಳಬೇಕಾಗಿದೆ: ತಂಬಾಕು ಸೇರಿಸದಿದ್ದರೂ ಅಡಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುವುದು ಖಚಿತವಾದವುಗಳ ಸಾಲಿನಲ್ಲಿ ಇರಿಸಿದೆ.

ಗಾಯಗೊಂಡ ಕೋಶ ಯಾವ ಹಂತದವರೆಗೆ ಚೇತರಿಸಿಕೊಳ್ಳಬಲ್ಲದು?

ಇಡೀ ವಿಷಯದ ತಿರುಳು ಈ ಪ್ರಶ್ನೆಯಲ್ಲಿದೆ. ರಕ್ತ ನಿಂತಿತೆಂದು ಇಟ್ಟುಕೊಳ್ಳಿ. ಆಮ್ಲಜನಕವಿಲ್ಲದೆ ಕೋಶದ ಶಕ್ತಿಕೇಂದ್ರಗಳಾದ ಮೈಟೊಕಾಂಡ್ರಿಯಾಗಳು ಎಟಿಪಿ ಎಂಬ ಶಕ್ತಿಯ ಅಣುವನ್ನು ತಯಾರಿಸಲಾರವು. ಎಟಿಪಿ ಇಲ್ಲದೆ ಕೋಶಪೊರೆಯ ಮೇಲಿನ ಸೋಡಿಯಂ ಪಂಪು ನಿಲ್ಲುತ್ತದೆ. ಪಂಪು ನಿಂತರೆ ಸೋಡಿಯಂ ಒಳಗೆ ಉಳಿಯುತ್ತದೆ, ಅದರ ಹಿಂದೆಯೇ ನೀರು ನುಗ್ಗುತ್ತದೆ, ಕೋಶ ಊದಿಕೊಳ್ಳುತ್ತದೆ. ಇಲ್ಲಿಯವರೆಗೆ ಆದದ್ದೆಲ್ಲ ಹಿಂದಿರುಗಬಲ್ಲದು: ರಕ್ತ ಮತ್ತೆ ಹರಿದರೆ ಪಂಪು ತಿರುಗುತ್ತದೆ, ಊತ ಇಳಿಯುತ್ತದೆ. ಆದರೆ ಮೈಟೊಕಾಂಡ್ರಿಯಾ ಪೂರ್ತಿ ಕೆಟ್ಟು, ಕೋಶಪೊರೆ ತೂತುಬಿದ್ದು, ಕ್ಯಾಲ್ಸಿಯಂ ಒಳಗೆ ಸುರಿದು ಕೋಶದ ಸ್ವಂತ ಕಿಣ್ವಗಳೇ ಅದನ್ನು ಕರಗಿಸತೊಡಗಿದ ಮೇಲೆ ರಕ್ತ ಮರಳಿದರೂ ಫಲವಿಲ್ಲ.

ಈ ಗೆರೆಯನ್ನು ದಾಟಲು ಎಲ್ಲ ಕೋಶಗಳಿಗೂ ಒಂದೇ ಸಮಯ ಬೇಕಾಗುವುದಿಲ್ಲ. ಮೆದುಳಿನ ನರಕೋಶಗಳಿಗೆ 4–5 ನಿಮಿಷ ಸಾಕು. ಹೃದಯದ ಸ್ನಾಯುವಿಗೆ ಸುಮಾರು 20ರಿಂದ 30 ನಿಮಿಷ. ಕೈಕಾಲಿನ ಸ್ನಾಯು ಗಂಟೆಗಳ ಕಾಲ ತಾಳುತ್ತದೆ. ಹೃದಯಾಘಾತದಲ್ಲಿಯೂ ಇಡೀ ಭಾಗ ಒಮ್ಮೆಗೇ ಸಾಯುವುದಿಲ್ಲ. ಸಾವು ಹೃದಯದ ಒಳಪದರದಲ್ಲಿ ಆರಂಭವಾಗಿ ಹಲವು ಗಂಟೆಗಳಲ್ಲಿ ಹೊರಪದರದತ್ತ ಹಬ್ಬುತ್ತದೆ. ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಒಂದು ಲೋಟ ಸೋಡಾ ಕುಡಿದು ಬೆಳಗಿನವರೆಗೆ ಕಾಯುವುದು ಎಂದರೆ ಆ ಹಬ್ಬುವಿಕೆಗೆ ರಾತ್ರಿಯೆಲ್ಲ ದಾರಿ ಬಿಟ್ಟುಕೊಡುವುದು ಎಂದೇ ಅರ್ಥ.

ರಕ್ತ ಪರೀಕ್ಷೆಯಲ್ಲಿ ‘ಟ್ರೊಪೊನಿನ್’ ನೋಡುವುದೂ ಇದೇ ಕಾರಣಕ್ಕೆ. ಅದು ಹೃದಯದ ಸ್ನಾಯುವಿನೊಳಗೆ ಇರಬೇಕಾದ ಪ್ರೊಟೀನು. ಕೋಶಪೊರೆ ಒಡೆದರೆ ರಕ್ತಕ್ಕೆ ಸೋರುತ್ತದೆ. ಸೋರಿ ಏರಲು ಕೆಲವು ಗಂಟೆ ಹಿಡಿಯುವುದರಿಂದ ಮೊದಲ ಪರೀಕ್ಷೆ ಸರಿಯಿದ್ದರೂ ಎರಡನೆಯದನ್ನು ಮಾಡುತ್ತಾರೆ. ವಿದ್ಯಾರ್ಥಿಗಳನ್ನು ಬೆರಗುಗೊಳಿಸುವ ಇನ್ನೊಂದು ಸಂಗತಿಯಿದೆ. ಹೃದಯಾಘಾತವಾಗಿ ಒಂದು ಗಂಟೆಯೊಳಗೆ ತೀರಿಕೊಂಡವರ ಹೃದಯದ ತುಣುಕನ್ನು ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಸತ್ತ ಕೋಶ ಸತ್ತಂತೆ ಕಾಣಲು ಇನ್ನೂ ಹಲವು ಗಂಟೆ ಬೇಕು. ಆಗ ಬಣ್ಣ ಹಾಕಿದ ತುಣುಕಿನಲ್ಲಿ ಎಳೆಗಳು ಗಾಢ ಗುಲಾಬಿಯಾಗುತ್ತವೆ, ಕೋಶದ ಅಂಚು ಇದ್ದಲ್ಲೇ ಇರುತ್ತದೆ, ನಡುವಿನ ನೀಲಿ ಕೋಶಕೇಂದ್ರ ಮಾತ್ರ ಮಾಯವಾಗಿರುತ್ತದೆ.

ಆಲೆಮನೆಯಲ್ಲಿ ಬೆಲ್ಲದ ಪಾಕ ಕೈಗೆ ಸಿಡಿದರೆ ಬಿಸಿನೀರಿಗಿಂತ ಹೆಚ್ಚು ಸುಡುವುದೇಕೆ? ಏನು ಮಾಡಬೇಕು?

ಈ ಪ್ರಶ್ನೆಗೆ ಉತ್ತರ ನನ್ನ ಎಡ ಮುಂಗೈ ಮೇಲೆಯೇ ಇದೆ. ಪಾಂಡವಪುರದ ಕಡೆ ಸೋದರಮಾವನ ಆಲೆಮನೆಯಲ್ಲಿ, ಕೊಪ್ಪರಿಗೆಯ ಪಾಕ ಉಕ್ಕಿ ಬರುವಾಗ ಬೇಡವೆಂದರೂ ಹತ್ತಿರ ನಿಂತಿದ್ದ ಹುಡುಗ ನಾನು. ಸಿಡಿದದ್ದು ಎಂಟಾಣೆ ನಾಣ್ಯದಷ್ಟು. ಒರೆಸಲು ಹೋದರೆ ಚರ್ಮವೇ ಜೊತೆಗೆ ಬಂತು. ಯಾರೋ ಇಂಕು ಸುರಿದರು. ನಡುವಿನ ಭಾಗ ಬಿಳಿಚಿಕೊಂಡು ಮುಟ್ಟಿದರೂ ತಿಳಿಯದಂತಾಗಿತ್ತು, ಅದರ ಸುತ್ತ ಮಂಕು ಕೆಂಪಿನ ಬಳೆ, ಅದರಾಚೆ ಉರಿಯುವ ಕೆಂಪು.

ಆ ಮೂರು ಬಳೆಗಳಿಗೆ ಹೆಸರಿದೆ ಎಂದು ತಿಳಿದದ್ದು ಓದಿಗೆ ಬಂದ ಮೇಲೆ. ನಡುವಿನದು ಸತ್ತ ವಲಯ. ಅಲ್ಲಿ ಪ್ರೊಟೀನುಗಳು ಬೆಂದು ಹೆಪ್ಪುಗಟ್ಟಿರುತ್ತವೆ, ನೋವಿನ ನರತುದಿಗಳೂ ಸತ್ತಿರುವುದರಿಂದ ನೋವಿರುವುದಿಲ್ಲ. ಹೊರಗಿನದು ರಕ್ತ ಹೆಚ್ಚಾಗಿ ಹರಿಯುವ, ತಾನಾಗಿ ವಾಸಿಯಾಗುವ ವಲಯ. ಎರಡರ ನಡುವಿನ ವಲಯದಲ್ಲಿ ರಕ್ತ ಹರಿಯುವುದು ನಿಧಾನವಾಗಿ, ಕೋಶಗಳು ಗೆರೆಯ ಮೇಲೆ ನಿಂತಿರುತ್ತವೆ. ಮುಂದಿನ ಒಂದೆರಡು ದಿನಗಳಲ್ಲಿ ಅವು ಈಚೆಗೂ ಬರಬಹುದು, ಆಚೆಗೂ ಹೋಗಬಹುದು. ಚಿಕಿತ್ಸೆಯೆಲ್ಲ ಈ ನಡುವಿನ ಬಳೆಗಾಗಿಯೇ.

ಬಿಸಿಯಷ್ಟೇ ಅಲ್ಲ, ಬಿಸಿ ತಾಗಿದ ಸಮಯವೂ ಮುಖ್ಯ. 44 ಡಿಗ್ರಿಯ ಬಿಸಿ ಚರ್ಮವನ್ನು ಕೊಲ್ಲಲು ಸುಮಾರು 6 ಗಂಟೆ ತೆಗೆದುಕೊಂಡರೆ, 60 ಡಿಗ್ರಿಗೆ ಕೆಲವೇ ಸೆಕೆಂಡು ಸಾಕು. ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ ಮತ್ತು ಮೈಮೇಲೆ ಬಿದ್ದರೆ ಹರಿದುಹೋಗುತ್ತದೆ. ಇಳಿಸುವ ಹದಕ್ಕೆ ಬಂದ ಪಾಕ 100 ಡಿಗ್ರಿಯನ್ನು ಚೆನ್ನಾಗಿ ದಾಟಿರುತ್ತದೆ, ಮೇಲಾಗಿ ಅಂಟಿಕೊಂಡು ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ಒರೆಸಬೇಡಿ, ಕೀಳಬೇಡಿ. ನಲ್ಲಿಯ ಅಥವಾ ಪಂಪ್‌ಸೆಟ್ಟಿನ ಹರಿಯುವ ತಣ್ಣೀರಿಗೆ 20 ನಿಮಿಷ ಕೈಯೊಡ್ಡಿ. ಪಾಕವೂ ಕರಗುತ್ತದೆ, ಬಿಸಿಯೂ ಇಳಿಯುತ್ತದೆ. ಮಂಜುಗಡ್ಡೆ ಬೇಡ, ಅದು ರಕ್ತನಾಳಗಳನ್ನು ಬಿಗಿಸಿ ನಡುವಿನ ಬಳೆಯನ್ನು ಸಾವಿನ ಕಡೆಗೇ ತಳ್ಳುತ್ತದೆ. ಇಂಕು, ಟೂತ್‌ಪೇಸ್ಟ್, ಸುಣ್ಣ ಯಾವುದೂ ಬೇಡ.

ನೆಕ್ರೋಸಿಸ್ ಮತ್ತು ಅಪೊಪ್ಟೋಸಿಸ್: ಎರಡೂ ಸಾವೇ ಆದರೆ ಎರಡು ಹೆಸರೇಕೆ?

ಸತ್ತ ರೀತಿಯ ಮೇಲೆ ಅಕ್ಕಪಕ್ಕದ ಕೋಶಗಳ ಪಾಡು ನಿರ್ಧಾರವಾಗುತ್ತದೆ, ಅದಕ್ಕಾಗಿ. ನೆಕ್ರೋಸಿಸ್‌ನಲ್ಲಿ ಕೋಶ ಊದಿ ಒಡೆಯುತ್ತದೆ. ಒಳಗಿನದೆಲ್ಲ ಹೊರಗೆ ಚೆಲ್ಲುತ್ತದೆ. ಚೆಲ್ಲಿದ್ದನ್ನು ಕಂಡು ಬಿಳಿ ರಕ್ತಕಣಗಳು ಓಡಿ ಬರುತ್ತವೆ. ಕೆಂಪು, ಊತ, ಬಿಸಿ, ನೋವು, ಒಟ್ಟಾರೆ ಉರಿಯೂತ. ಈ ಗದ್ದಲದಲ್ಲಿ ಆರೋಗ್ಯವಾಗಿದ್ದ ನೆರೆಯ ಕೋಶಗಳಿಗೂ ಏಟು ಬೀಳುತ್ತದೆ.

ಅಪೊಪ್ಟೋಸಿಸ್‌ನಲ್ಲಿ ಕೋಶ ಊದುವುದಿಲ್ಲ, ಕುಗ್ಗುತ್ತದೆ. ಕ್ಯಾಸ್ಪೇಸ್ ಎಂಬ ಕಿಣ್ವಗಳು ಒಳಗಿನ ಕಟ್ಟಡವನ್ನು ಕ್ರಮವಾಗಿ ಬಿಚ್ಚುತ್ತವೆ, ಡಿಎನ್‌ಎ ತುಂಡಾಗುತ್ತದೆ, ಕೋಶವು ಪೊರೆಯಿಂದ ಮುಚ್ಚಿದ ಸಣ್ಣ ಸಣ್ಣ ಗಂಟುಗಳಾಗುತ್ತದೆ. ಪೊರೆಯ ಒಳಮೈಯಲ್ಲಿರುವ ಒಂದು ಬಗೆಯ ಕೊಬ್ಬಿನ ಅಣು ಹೊರಮೈಗೆ ತಿರುಗಿ, ‘ಇದನ್ನು ತಿನ್ನಬಹುದು’ ಎಂದು ಭಕ್ಷಕ ಕೋಶಗಳಿಗೆ ಸೂಚನೆ ಕೊಡುತ್ತದೆ. ಅವು ಬಂದು ನುಂಗುತ್ತವೆ. ಒಂದು ಹನಿಯೂ ಚೆಲ್ಲುವುದಿಲ್ಲ, ಉರಿಯೂತವೂ ಇಲ್ಲ. 1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ಮೂವರು ಇದಕ್ಕೆ ಎಲೆ ಉದುರುವುದು ಎಂಬರ್ಥದ ಗ್ರೀಕ್ ಪದವನ್ನು ಆರಿಸಿದರು. ಎಲೆ ಬೀಳುವ ಮುನ್ನ ಮರವು ತೊಟ್ಟಿನ ಬುಡದಲ್ಲಿ ಪದರವೊಂದನ್ನು ಕಟ್ಟಿಕೊಂಡಿರುತ್ತದೆ. ಗಾಳಿಗೆ ಮುರಿದ ಕೊಂಬೆಗೂ ಹಣ್ಣಾಗಿ ಬಿದ್ದ ಎಲೆಗೂ ಇರುವ ವ್ಯತ್ಯಾಸವೇ ಇಲ್ಲಿಯದೂ.

ಈ ಸಾವು ಮೊದಲೇ ಬರೆದಿಟ್ಟದ್ದು ಎಂಬುದಕ್ಕೆ ಒಂದು ಮಿಲಿಮೀಟರ್ ಉದ್ದದ ದುಂಡುಹುಳುವೊಂದು ಸಾಕ್ಷಿ. ಅದರ ಬೆಳವಣಿಗೆಯಲ್ಲಿ 1,090 ದೇಹಕೋಶಗಳು ಹುಟ್ಟುತ್ತವೆ, ಅವುಗಳಲ್ಲಿ 131 ಪ್ರತಿ ಸಲವೂ ತಪ್ಪದೆ ಸಾಯುತ್ತವೆ, 959 ಉಳಿಯುತ್ತವೆ. ಈ ಲೆಕ್ಕ ಮತ್ತು ಅದರ ಹಿಂದಿನ ಜೀನ್‌ಗಳಿಗಾಗಿ ಬ್ರೆನ್ನರ್, ಹಾರ್ವಿಟ್ಸ್ ಮತ್ತು ಸಲ್ಸ್‌ಟನ್ ಅವರಿಗೆ 2002ರಲ್ಲಿ ನೊಬೆಲ್ ಸಂದಿತು. ತಾಯಿಯ ಗರ್ಭದಲ್ಲಿ ನಮ್ಮ ಅಂಗೈಯೂ ಮೊದಲು ದೋಣಿಯ ಹುಟ್ಟಿನಂತೆ ಚಪ್ಪಟೆಯಾಗಿಯೇ ಇರುತ್ತದೆ. ನಡುವಿನ ಕೋಶಗಳು ಸತ್ತು ಬೆರಳುಗಳು ಬಿಡಿಯಾಗುತ್ತವೆ.

ದಿನಕ್ಕೆ ನಮ್ಮ ಮೈಯಲ್ಲಿ ಎಷ್ಟು ಕೋಶ ಸಾಯುತ್ತವೆ?

ಸುಮಾರು 33 ಸಾವಿರ ಕೋಟಿ ಎಂಬ ಅಂದಾಜಿದೆ. ಬಹುಪಾಲು ರಕ್ತಕಣಗಳು; ಕೆಂಪು ರಕ್ತಕಣದ ಆಯಸ್ಸೇ 120 ದಿನ.

ಸಕ್ಕರೆ ಕಾಯಿಲೆಯವರ ಕಾಲು ಕಪ್ಪಾಗುವುದಕ್ಕೂ ಕ್ಷಯದ ಗಡ್ಡೆಗೂ ಸಂಬಂಧವಿದೆಯೇ?

ಎರಡೂ ನೆಕ್ರೋಸಿಸ್, ಆದರೆ ಸತ್ತ ಅಂಗಾಂಶದ ರೂಪ ಬೇರೆ. ರಕ್ತನಾಳ ಕಟ್ಟಿ ಬೆರಳು ಒಣಗಿ, ಸುಕ್ಕುಗಟ್ಟಿ ಕಪ್ಪಾದರೆ ಅದು ಒಣ ಗ್ಯಾಂಗ್ರೀನ್. ಅದಕ್ಕೆ ಬ್ಯಾಕ್ಟೀರಿಯಾ ಸೇರಿ ಕೊಳೆತು ವಾಸನೆ ಬಂದರೆ ಹಸಿ ಗ್ಯಾಂಗ್ರೀನ್. ಅಲ್ಲಿ ಒಂದು ದಿನ ತಡವೂ ಅಪಾಯ. ಮೆದುಳಿನ ಅಂಗಾಂಶ ಸತ್ತರೆ ದ್ರವವಾಗುತ್ತದೆ. ಕ್ಷಯದಲ್ಲಿ ಸತ್ತ ಭಾಗವನ್ನು ಪುಸ್ತಕಗಳು ಚೀಸ್‌ಗೆ ಹೋಲಿಸುತ್ತವೆ. ಚೀಸ್ ಕಾಣದ ನನ್ನ ವಿದ್ಯಾರ್ಥಿಗಳಿಗೆ ನಾನು ಗಿಣ್ಣು ಎನ್ನುತ್ತೇನೆ, ಬೆರಳಲ್ಲಿ ಒತ್ತಿದರೆ ಪುಡಿಯಾಗುವ, ತುಸು ಒಣಗಿದ ಗಿಣ್ಣು. ಕ್ಷಯದ ಬ್ಯಾಕ್ಟೀರಿಯಾವನ್ನು ಪೂರ್ತಿ ಕೊಲ್ಲಲಾಗದೆ ದೇಹ ಅದರ ಸುತ್ತ ಕೋಶಗಳ ಗೋಡೆ ಕಟ್ಟುತ್ತದೆ, ಗೋಡೆಯ ಒಳಗೆ ಈ ಗಿಣ್ಣು. ಮೈಸೂರಿನ ಕೆ.ಆರ್.ಎಸ್. ರಸ್ತೆಯಲ್ಲಿ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿರುವ ಕ್ಷಯರೋಗ ಆಸ್ಪತ್ರೆ, ಈ ರೋಗ ಅರಮನೆಯನ್ನೂ ಬಿಟ್ಟಿರಲಿಲ್ಲ ಎಂಬುದರ ನೆನಪು.

ಗದ್ದೆಯಲ್ಲಿ ಹಾವು ಕಚ್ಚಿದರೆ ವಿಷ ಏರದಂತೆ ಹಗ್ಗದಿಂದ ಬಿಗಿದು ಕಟ್ಟಬೇಕಲ್ಲವೇ?

ಕಟ್ಟಬಾರದು. ಕೊಳಕುಮಂಡಲದ ವಿಷದಲ್ಲಿ ಕೋಶಪೊರೆಯನ್ನೂ ರಕ್ತನಾಳದ ಗೋಡೆಯನ್ನೂ ಕತ್ತರಿಸುವ ಕಿಣ್ವಗಳಿವೆ. ಹಗ್ಗ ಬಿಗಿದರೆ ಆ ವಿಷವೆಲ್ಲ ಒಂದೇ ಕಡೆ ನಿಂತು ಅಲ್ಲಿನ ಮಾಂಸವನ್ನು ತಿನ್ನುತ್ತದೆ, ರಕ್ತವೂ ನಿಂತು ಎರಡನೆಯ ಗಾಯವಾಗುತ್ತದೆ. ಕಾಲನ್ನು ಅಲುಗಾಡಿಸದೆ, ನಡೆಸದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಪ್ರತಿವಿಷವು ರಕ್ತದಲ್ಲಿ ಸುತ್ತುವ ವಿಷವನ್ನು ಹಿಡಿಯುತ್ತದೆಯೇ ಹೊರತು ಆಗಲೇ ಸತ್ತ ಕೋಶವನ್ನು ಬದುಕಿಸುವುದಿಲ್ಲ, ಹಾಗಾಗಿ ನಾಟಿ ಮದ್ದಿಗೆಂದು ಸುತ್ತುವ ಒಂದೊಂದು ಗಂಟೆಗೂ ಲೆಕ್ಕವಿದೆ.

ಪ್ಯಾರಾಸಿಟಮಾಲ್ ನಿರಪಾಯಕಾರಿ ಮಾತ್ರೆ. ಅದು ಲಿವರ್ ಕೋಶಗಳನ್ನು ಕೊಲ್ಲುವುದು ಹೇಗೆ?

ಪ್ರಮಾಣದಿಂದ. ಲಿವರ್ ಈ ಔಷಧಿಯ ಸ್ವಲ್ಪ ಭಾಗವನ್ನು ವಿಷಕಾರಿ ಪದಾರ್ಥವಾಗಿ ಬದಲಾಯಿಸುತ್ತದೆ, ಆ ಕೂಡಲೇ ಗ್ಲುಟಾಥಯೋನ್ ಎಂಬ ಅಣು ಅದನ್ನು ತಣ್ಣಗಾಗಿಸುತ್ತದೆ. ಮಾತ್ರೆ ಅತಿಯಾದರೆ ಗ್ಲುಟಾಥಯೋನ್ ದಾಸ್ತಾನು ಬರಿದಾಗುತ್ತದೆ, ಆಗ ಆ ವಿಷ ಕೋಶವನ್ನೇ ಕೊಲ್ಲುತ್ತದೆ. ವಯಸ್ಕರ ದಿನದ ಗರಿಷ್ಠ ಮಿತಿ 4 ಗ್ರಾಂ. 650 ಮಿಲಿಗ್ರಾಂನ ಆರು ಮಾತ್ರೆಗೆ 3.9 ಗ್ರಾಂ ಆಗಿಬಿಡುತ್ತದೆ. ಕುಡಿತದ ಅಭ್ಯಾಸವಿದ್ದವರಿಗೆ ಮಿತಿ ಇನ್ನೂ ಕಡಿಮೆ. ಅತಿಯಾಗಿ ನುಂಗಿದವರು ಮೊದಲ ದಿನ ಚೆನ್ನಾಗಿಯೇ ಕಾಣುತ್ತಾರೆ, ಮೋಸ ಇರುವುದು ಅಲ್ಲಿಯೇ. ಇದಕ್ಕೆ ಮದ್ದಿದೆ, ಆದರೆ 8 ಗಂಟೆಯೊಳಗೆ ಕೊಟ್ಟರೆ ಅತ್ಯುತ್ತಮ.

ಹಾಗಾದರೆ ಆಂಟಿ-ಆಕ್ಸಿಡೆಂಟ್ ಮಾತ್ರೆ ನುಂಗಿದರೆ ಕೋಶಗಳು ಉಳಿಯುತ್ತವೆಯೇ?

ಅಷ್ಟು ಸುಲಭವಲ್ಲ. ಗ್ಲುಟಾಥಯೋನ್‌ನಂತೆ ಕೋಶಕ್ಕೆ ಹಾನಿ ಮಾಡುವ ಅಣುಗಳನ್ನು ತಣ್ಣಗಾಗಿಸುವ ಪದಾರ್ಥಗಳಿಗೆ ಆಂಟಿ-ಆಕ್ಸಿಡೆಂಟ್ ಎನ್ನುತ್ತಾರೆ; ಬೀಟಾ ಕ್ಯಾರೊಟಿನ್ ಅಂಥದ್ದೊಂದು. ಫಿನ್‌ಲೆಂಡಿನಲ್ಲಿ ಧೂಮಪಾನಿಗಳಿಗೆ ವರ್ಷಗಟ್ಟಲೆ ಬೀಟಾ ಕ್ಯಾರೊಟಿನ್ ಕೊಟ್ಟು ನೋಡಿದ ದೊಡ್ಡ ಅಧ್ಯಯನದ ಫಲಿತಾಂಶ 1994ರಲ್ಲಿ ಬಂದಾಗ, ಮಾತ್ರೆ ತಿಂದವರಲ್ಲಿಯೇ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚಾಗಿತ್ತು. ತರಕಾರಿ, ಸೊಪ್ಪು, ಹಣ್ಣು ತಿನ್ನಿ. ಡಬ್ಬಿಗೆ ದುಡ್ಡು ಸುರಿಯಬೇಡಿ.

ಅಷ್ಟು ದೊಡ್ಡ ಮೈಯ ದಸರಾ ಆನೆಗಳಿಗೆ ಕ್ಯಾನ್ಸರ್ ಹೆಚ್ಚಾಗಿ ಬರಬೇಕಲ್ಲವೇ?

ಕೋಶಗಳು ಹೆಚ್ಚಿದಷ್ಟೂ ಒಂದಾದರೂ ಕೆಡುವ ಸಂಭವ ಹೆಚ್ಚಬೇಕು ಎಂಬ ತರ್ಕ ಸರಿ. ಆದರೆ ಆನೆಗಳಲ್ಲಿ ಕ್ಯಾನ್ಸರ್ ಮನುಷ್ಯರಿಗಿಂತ ಕಡಿಮೆ. 1979ರಲ್ಲಿ ಪತ್ತೆಯಾದ ಪಿ53 ಎಂಬ ಪ್ರೊಟೀನು, ಡಿಎನ್‌ಎ ಕೆಟ್ಟಿರುವುದನ್ನು ಗಮನಿಸಿ ಕೋಶವನ್ನು ದುರಸ್ತಿಗೆ ನಿಲ್ಲಿಸುತ್ತದೆ, ದುರಸ್ತಿ ಆಗದಿದ್ದರೆ ಅಪೊಪ್ಟೋಸಿಸ್‌ಗೆ ಕಳುಹಿಸುತ್ತದೆ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಕಾವಲುಗಾರನೇ ಕೆಟ್ಟಿರುತ್ತಾನೆ. ತಂದೆಯಿಂದ ಒಂದು, ತಾಯಿಯಿಂದ ಒಂದರಂತೆ ನಮ್ಮಲ್ಲಿ ಆ ಜೀನಿನ ಎರಡು ಪ್ರತಿಗಳಿದ್ದರೆ, ಆನೆಗಳಲ್ಲಿ ಅದೇ ಜೀನಿನ ಹತ್ತಾರು ಹೆಚ್ಚುವರಿ ಪ್ರತಿಗಳಿವೆ ಎಂದು 2015ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಡಿಎನ್‌ಎಗೆ ಪೆಟ್ಟು ಬಿದ್ದಾಗ ಆನೆಯ ಕೋಶ ದುರಸ್ತಿಗೆ ಹೆಣಗುವುದಕ್ಕಿಂತ ಸಾಯುವುದನ್ನೇ ಬೇಗ ಆರಿಸಿಕೊಳ್ಳುತ್ತದೆ. 750 ಕಿಲೋ ಅಂಬಾರಿ ಹೊತ್ತು ನಡೆಯುವ ಮೈ ಉಳಿದಿರುವುದು, ಸಣ್ಣ ಅನುಮಾನಕ್ಕೂ ಪ್ರಾಣ ಬಿಡುವ ಕೋಶಗಳಿಂದ.

ಗಿಡಗಳ ಕೋಶಗಳೂ ಹೀಗೆ ಬೇಕೆಂದೇ ಸಾಯುತ್ತವೆಯೇ?

ನಾಲೆಯ ಬಯಲಿಗೆ ಹೋಗಿ, ನೀರು ನಿಂತ ಗದ್ದೆಯಿಂದ ಒಂದು ಭತ್ತದ ಪೈರನ್ನು ಕಿತ್ತು ತೊಳೆದು, ಬೇರನ್ನು ಬ್ಲೇಡಿನಿಂದ ಅಡ್ಡಲಾಗಿ ಕೊಯ್ದು ಭೂತಗನ್ನಡಿಯಲ್ಲಿ ನೋಡಿ. ಗಾಡಿಯ ಚಕ್ರದ ಅರೆಕಾಲುಗಳಂತೆ ನಡುವಿನಿಂದ ಅಂಚಿಗೆ ಎಳೆಗಳು, ಅವುಗಳ ನಡುವೆ ಖಾಲಿ ಕಿಂಡಿಗಳು ಕಾಣುತ್ತವೆ. ಆ ಕಿಂಡಿಗಳ ಜಾಗದಲ್ಲಿ ಹಿಂದೆ ಕೋಶಗಳಿದ್ದವು. ಅವು ಸತ್ತು ಕರಗಿ ಗಾಳಿಯ ಕೊಳವೆಯಾಗಿವೆ; ಎಲೆಯ ಆಮ್ಲಜನಕ ಈ ಕೊಳವೆಗಳಲ್ಲಿ ಇಳಿದು ಕೆಸರಿನಲ್ಲಿ ಹೂತ ಬೇರಿನ ತುದಿಗೆ ಮುಟ್ಟುತ್ತದೆ. ನೀರು ನಿಂತರೆ ಇಂಥ ಕಿಂಡಿಗಳು ಇನ್ನೂ ಹೆಚ್ಚುತ್ತವೆ. ಬೆಂಕಿ ರೋಗ ತಡೆಯುವ ಭತ್ತದ ತಳಿಗಳಲ್ಲಿಯೂ ಶಿಲೀಂಧ್ರ ಹೊಕ್ಕ ಜಾಗದ ಕೋಶಗಳು ತಾವಾಗಿ ಸತ್ತು ಅದರ ದಾರಿಯನ್ನು ಕಟ್ಟುತ್ತವೆ. ಎಲೆಯ ಮೇಲೆ ಉಳಿಯುವುದು ಒಂದು ಸಣ್ಣ ಕಂದು ಚುಕ್ಕೆ.

ಮನುಷ್ಯ ತೀರಿಕೊಂಡ ಕ್ಷಣಕ್ಕೆ ಅವನ ಕೋಶಗಳೆಲ್ಲ ಸತ್ತಿರುತ್ತವೆಯೇ?

ಇಲ್ಲ. ಹೃದಯ ನಿಂತ ಮೇಲೂ ಚರ್ಮ, ಮೂಳೆ ಮತ್ತು ಕಣ್ಣಿನ ಕೋಶಗಳು ಗಂಟೆಗಟ್ಟಲೆ ಬದುಕಿರುತ್ತವೆ. ತಂಪು ಈ ಗಡುವನ್ನು ಹಿಗ್ಗಿಸುತ್ತದೆ, ಏಕೆಂದರೆ ತಣ್ಣಗಿರುವ ಕೋಶಕ್ಕೆ ಬೇಕಾದ ಆಮ್ಲಜನಕ ಕಡಿಮೆ. ಕಸಿಗಾಗಿ ತೆಗೆದ ಕಿಡ್ನಿಯನ್ನು ಒಂದು ದಿನದವರೆಗೂ, ಹೃದಯವನ್ನು ಸುಮಾರು 4 ಗಂಟೆಯವರೆಗೂ ತಂಪಿನಲ್ಲಿ ಇಡಬಹುದು. ಗಾಣಕ್ಕೆ ಸಿಕ್ಕಿ ತುಂಡಾದ ಬೆರಳನ್ನು ಒದ್ದೆ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ನೀರಿನಲ್ಲಿಟ್ಟು ತರಬೇಕು ಎನ್ನುವುದೂ ಇದಕ್ಕೇ. ಬೆರಳನ್ನು ನೇರವಾಗಿ ಐಸ್ ಮೇಲೆ ಇಡಬಾರದು; ಕೋಶದೊಳಗೆ ಹರಳುಗಟ್ಟಿದ ನೀರು ಪೊರೆಯನ್ನು ಹರಿಯುತ್ತದೆ.

ಕಣ್ಣಿನ ಮುಂಭಾಗದ ಪಾರದರ್ಶಕ ಪದರವಾದ ಕಾರ್ನಿಯಾದ ಒಳಮೈಯಲ್ಲಿ ಒಂದೇ ಸಾಲಿನ ಕೋಶಗಳಿವೆ. ಅವು ಹಗಲಿರುಳೂ ನೀರನ್ನು ಹೊರಗೆ ಪಂಪು ಮಾಡಿ ಕಾರ್ನಿಯಾವನ್ನು ತಿಳಿಯಾಗಿ ಇಡುತ್ತವೆ, ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ. ಅವು ಬದುಕಿರುವಾಗಲೇ ಕಣ್ಣನ್ನು ತೆಗೆದುಕೊಳ್ಳಬೇಕಾದ್ದರಿಂದ ಸಾವಿನ ನಂತರ 6 ಗಂಟೆಯೊಳಗೆ ಎಂಬ ನಿಯಮ. ಪುನೀತ್ ರಾಜ್‌ಕುಮಾರ್ ಅವರು 2021ರ ಅಕ್ಟೋಬರ್ 29ರಂದು ತೀರಿಕೊಂಡಾಗ ಅವರ ಕಾರ್ನಿಯಾಗಳ ಪದರಗಳನ್ನು ಬಿಡಿಸಿ ನಾಲ್ವರಿಗೆ ಕಸಿ ಮಾಡಿದರು: ಒಳಪದರ ಕೆಟ್ಟವರಿಗೆ ಒಳಪದರ, ಹೊರಭಾಗ ಕೆಟ್ಟವರಿಗೆ ಹೊರಭಾಗ.

ನಮ್ಮ ತಂದೆಯವರಿಗೆ ಸಕ್ಕರೆ ಕಾಯಿಲೆ ಇತ್ತು, ಕನ್ನಡಕವೂ ಇತ್ತು. ಅವರ ಕಣ್ಣು ಕೊಡಬಹುದಿತ್ತೇ?

ಕೊಡಬಹುದಿತ್ತು. ವಯಸ್ಸು, ಕನ್ನಡಕ, ಸಕ್ಕರೆ ಕಾಯಿಲೆ, ರಕ್ತದೊತ್ತಡ ಅಡ್ಡಿಯಲ್ಲ. ಕಣ್ಣಿನ ಪೊರೆಯ (ಕ್ಯಾಟರಾಕ್ಟ್) ಶಸ್ತ್ರಚಿಕಿತ್ಸೆ ಆಗಿದ್ದರೂ ಸಾಮಾನ್ಯವಾಗಿ ತೆಗೆದುಕೊಳ್ಳುತ್ತಾರೆ. ರೇಬಿಸ್, ಎಚ್‌ಐವಿ, ಹೆಪಟೈಟಿಸ್ ಇದ್ದವರದನ್ನು ತೆಗೆದುಕೊಳ್ಳುವುದಿಲ್ಲ. ನೇತ್ರ ಬ್ಯಾಂಕಿಗೆ ಫೋನ್ ಮಾಡಿ, ಅವರು ಬರುವವರೆಗೆ ರೆಪ್ಪೆ ಮುಚ್ಚಿ, ಅದರ ಮೇಲೆ ಒದ್ದೆ ಹತ್ತಿಯಿಟ್ಟು, ತಲೆಯ ಕೆಳಗೆ ದಿಂಬು ಕೊಟ್ಟು, ಫ್ಯಾನ್ ಆರಿಸಿರಬೇಕು. ಸಾವಿನ ಮನೆಯಲ್ಲಿ ಜನ ತುಂಬಿದಾಗ ಸೆಕೆಯೆಂದು ಯಾರಾದರೂ ಫ್ಯಾನ್ ಹಾಕಿಯೇ ಹಾಕುತ್ತಾರೆ; ಸ್ವಿಚ್ಚಿನ ಹತ್ತಿರ ಒಬ್ಬರನ್ನು ನಿಲ್ಲಿಸಿ.